ತಿನ್ನುವುದೇನು, ತುತ್ತಾಗುವುದು ಯಾರಿಗೆ? ಕಲ್ಪಿತ ಜೀವಿಗಳ ಚರಿತ್ರೆಯ ಒಂದು ಎಳೆ

ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ (ಪ್ರತಿಷ್ಠೆ 1117) ಮದನಿಕೆಯರತ್ತ ಕತ್ತೆತ್ತಿ ಸಾಗುವವರ ಕಣ್ಣಿಗೆ ಬೀಳದೆ ಉಳಿಯುವ ಒಂದು ಉಬ್ಬುಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಶರಭ ಕಬಳಿಸುತ್ತಿದೆ, ಶರಭದ ಮೇಲೆ ಗಂಡಭೇರುಂಡ. ಆರರಲ್ಲಿ ನಾಲ್ಕು ಕಾಡಿನವು, ಎರಡು ಕಲ್ಪನೆಯವು. ನಿಜ ಎಲ್ಲಿ ಮುಗಿಯಿತು, ಕಲ್ಪನೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವ ಗೋಜಿಗೆ ಶಿಲ್ಪಿ ಹೋಗಿಲ್ಲ.

ಬಲವಂತನಿಗೂ ಮೇಲೊಬ್ಬ ಬಲವಂತನಿದ್ದಾನೆ ಎಂಬ ರೂಪಕವಾಗಿ ಇದನ್ನು ಓದುವುದು ವಾಡಿಕೆ. ಗಂಡಭೇರುಂಡ ಮೈಸೂರು ಒಡೆಯರ ಲಾಂಛನವಾಗಿತ್ತು, ಇಂದಿಗೂ ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ. ಹಾಗಾಗಿ ಆ ಓದು ಸಹಜವೇ. (ಬೇಲೂರಿನಲ್ಲಿ ಅದರ ಬೇಟೆಯಾದ ಶರಭ, ಸರ್ಕಾರದ ಲಾಂಛನದಲ್ಲಿ ಅದರ ಎರಡೂ ಬದಿಗೆ ಕಾವಲು ನಿಂತಿದೆ!) ಆದರೆ ಇದೇ ಶಿಲ್ಪವನ್ನು ಇನ್ನೊಂದು ರೀತಿಯಲ್ಲೂ ನೋಡಬಹುದು. ಇಲ್ಲಿ ಕಲ್ಪಿತ ಪ್ರಾಣಿಗೆ ಮುಖ, ರೆಕ್ಕೆಗಳ ಜೊತೆಗೆ ಆಹಾರವನ್ನೂ ಕೊಡಲಾಗಿದೆ. ಫ್ಯಾಂಟಸಿ ಕಾದಂಬರಿಗೋ ವಿಡಿಯೊ ಗೇಮಿಗೋ ಹೊಸ ಲೋಕ ಕಟ್ಟುವವರು ಇಂದು ತಮ್ಮ ಜೀವಿಗಳ ಬಗ್ಗೆ ಕೇಳಿಕೊಳ್ಳುವ ಪ್ರಶ್ನೆಯೂ ಅದೇ: ಇದು ತಿನ್ನುವುದೇನನ್ನು, ಇದನ್ನು ತಿನ್ನುವವರು ಯಾರು?

ಕಲ್ಪಿತ ಪ್ರಾಣಿಯನ್ನು ಮಾಡುವ ಹಳೆಯ ವಿಧಾನ ಅಂಗಜೋಡಣೆ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ತಳಭಾಗದಲ್ಲಿ ಹಂಸಗಳ ಸಾಲಿನ ಕೆಳಗೇ ಸಾಗುವ ಮಕರಕ್ಕೆ ಮೊಸಳೆಯ ದವಡೆ, ಆನೆಯ ಸೊಂಡಿಲು, ಸಿಂಹದ ಪಾದ, ನವಿಲಿನ ಬಾಲ. ಲಿಯೊನಾರ್ಡೊ ದ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಚಿತ್ರಕಾರರಿಗೆ ಹೇಳಿಕೊಟ್ಟ ಉಪಾಯವೂ ಹೆಚ್ಚುಕಡಿಮೆ ಇದೇ. ಡ್ರ್ಯಾಗನ್ ಸಹಜವಾಗಿ ಕಾಣಬೇಕಿದ್ದರೆ ತಲೆಯನ್ನು ಬೇಟೆನಾಯಿಯಿಂದಲೂ ಕಣ್ಣನ್ನು ಬೆಕ್ಕಿನಿಂದಲೂ ಕುತ್ತಿಗೆಯನ್ನು ಆಮೆಯಿಂದಲೂ ಎರವಲು ತರಬೇಕು ಎನ್ನುತ್ತಾನೆ ಆತ. ಜೋಡಣೆಯಿಂದ ಕಣ್ಣಿಗೆ ನಂಬಿಕೆ ಬರುತ್ತದೆ, ಜೀವಿಗೆ ಬದುಕು ಬರುವುದಿಲ್ಲ. ಮಕರದ ಮಾತು ಸ್ವಲ್ಪ ಬೇರೆ. ಅದು ಗಂಗೆಯ, ವರುಣನ ವಾಹನ; ಅಭಿಷೇಕದ ನೀರು ಹೊರಬೀಳುವ ಬಾಯಿಯೂ ಎಷ್ಟೋ ಕಡೆ ಅದರದೇ. ಅಂದರೆ ಅದಕ್ಕೊಂದು ನೆಲೆಯಿದೆ, ನೀರು.

ಸಸ್ಯಗಳಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮಧ್ಯಯುಗದ ಯುರೋಪು ನಂಬಿದ್ದ ತಾರ್ತರಿಯ (ಅಂದರೆ ಮಧ್ಯ ಏಷ್ಯಾದ ಕಡೆಯ) ಕುರಿಗಿಡ. ಕಾಂಡದ ತುದಿಯಲ್ಲಿ ಜೀವಂತ ಕುರಿಮರಿ, ಹೊಕ್ಕುಳಿನಲ್ಲಿ ಗಿಡಕ್ಕೆ ಅಂಟಿಕೊಂಡೇ ಇರುತ್ತದೆ. ಭಾರತದಲ್ಲಿ ಮರಗಳು ಉಣ್ಣೆ ಬಿಡುತ್ತವೆ ಎಂದು ಕ್ರಿ.ಪೂ. 5ನೇ ಶತಮಾನದಲ್ಲೇ ಹೆರೊಡೋಟಸ್ ಬರೆದಿದ್ದ. ಹತ್ತಿಯ ಕುರಿತ ಇಂಥ ಮಾತೇ ಬೆಳೆದು ಈ ಕುರಿಯಾಯಿತು ಎಂಬ ವಾದವಿದೆ. ಮುಖ್ಯವಾದದ್ದು ಕಥೆಯೊಳಗಿನ ಒಂದು ವಿವರ. ಕಾಂಡ ಬಾಗುವಷ್ಟು ದೂರದ ಹುಲ್ಲನ್ನು ಮಾತ್ರ ಕುರಿ ಮೇಯಬಲ್ಲದು; ಅದು ಮುಗಿದ ದಿನ ಕುರಿಯೂ ಸಾಯುತ್ತದೆ, ಗಿಡವೂ ಒಣಗುತ್ತದೆ. ಗೂಟಕ್ಕೆ ಕಟ್ಟಿದ ಕರುವನ್ನು ನೋಡಿದ ಯಾರಿಗೂ ಈ ಲೆಕ್ಕ ಅರ್ಥವಾದೀತು. ಕಥೆ ಕಟ್ಟಿದವರು ಯಾರೋ, ಮೇವಿನ ಮಿತಿಯನ್ನಂತೂ ಬಲ್ಲವರು. 1698ರಲ್ಲಿ ಲಂಡನ್ನಿನ ವೈದ್ಯ ಹ್ಯಾನ್ಸ್ ಸ್ಲೋನ್ ಇಂಥದ್ದೊಂದು ‘ಕುರಿ’ಯನ್ನು ಪರೀಕ್ಷಿಸಿ, ಅದು ಚೀನಾದಿಂದ ಬಂದ, ರೋಮ ಹೊದ್ದ ಜರೀಗಿಡದ ಗಡ್ಡೆ ಎಂದು ತೋರಿಸಿದ.

ಅಷ್ಟರಲ್ಲಾಗಲೇ ದೊಡ್ಡ ಪಲ್ಲಟವೊಂದು ಆಗಿತ್ತು. ಗ್ರಹಗಳ ಕಕ್ಷೆಯ ನಿಯಮಗಳನ್ನು ಕಂಡುಕೊಂಡ ಯೊಹಾನೆಸ್ ಕೆಪ್ಲರ್ ‘ಸೋಮ್ನಿಯಂ’ ಎಂಬ ಕನಸಿನ ಕಥೆ ಬರೆದು, ಅದಕ್ಕೆ 223 ಟಿಪ್ಪಣಿ ಸೇರಿಸಿದ. 1630ರಲ್ಲಿ ಅವನು ತೀರಿಕೊಂಡ ಮೇಲೆ, 1634ರಲ್ಲಿ ಅದು ಅಚ್ಚಾಯಿತು. ಕಥೆಯ ನಾಯಕನ ತಾಯಿ ಮೂಲಿಕೆ ಮಾರುವ, ದೆವ್ವಗಳ ಜೊತೆ ಮಾತಾಡುವ ಹೆಂಗಸು. ಕೆಪ್ಲರನ ಸ್ವಂತ ತಾಯಿಯ ಮೇಲೂ ಮಾಟಗಾತಿ ಎಂಬ ಆರೋಪದ ವಿಚಾರಣೆ ನಡೆದಿತ್ತು. ಕಥೆಯಲ್ಲಿ ಚಂದ್ರನ ಹೆಸರು ಲೆವೇನಿಯಾ. ಅಲ್ಲಿ ಒಂದು ಹಗಲು ನಮ್ಮ ಸುಮಾರು ಹದಿನಾಲ್ಕು ದಿನ, ರಾತ್ರಿಯೂ ಅಷ್ಟೇ. ಕೆಪ್ಲರ್ ಯಾವ ಪ್ರಾಣಿಯ ಅಂಗವನ್ನೂ ಎರವಲು ಪಡೆಯದೆ ಈ ಬಿಸಿಲಿನಿಂದಲೇ ಶುರುಮಾಡುತ್ತಾನೆ. ಅಲ್ಲಿ ಹುಟ್ಟಿದ್ದೆಲ್ಲ ಬೇಗ ಬೆಳೆದು ದೈತ್ಯವಾಗುತ್ತದೆ, ಬೇಗ ಸಾಯುತ್ತದೆ. ಆರುತ್ತಾ ಹೋಗುವ ನೀರಿನ ಬೆನ್ನು ಹತ್ತಿ ಜೀವಿಗಳು ಗುಂಪುಗುಂಪಾಗಿ ಅಲೆಯುತ್ತವೆ. ನೆಲದ ಮೇಲೆಲ್ಲ ಪೈನ್ ಕಾಯಿಯಂಥವು ಚೆಲ್ಲಿರುತ್ತವೆ. ಹಗಲಿಡೀ ಅವುಗಳ ಸಿಪ್ಪೆ ಸುಟ್ಟು ಕರಕಲಾಗಿ, ಸಂಜೆ ಬಿರಿದಾಗ ಒಳಗಿಂದ ಜೀವಿಗಳು ಹೊರಬರುತ್ತವೆ. ಅದು ಗಿಡದ ಕಾಯಿಯೋ, ಪ್ರಾಣಿಯ ಮೊಟ್ಟೆಯೋ? ಕುರಿಗಿಡದ ದೂರದ ನೆಂಟನಂತೆ ಕಂಡರೂ ಇದನ್ನು ಹುಟ್ಟಿಸಿದ್ದು ಪ್ರಯಾಣಿಕರ ಗಾಳಿಮಾತಲ್ಲ, ಖಗೋಳದ ಲೆಕ್ಕ.

ಮುಂದಿನ ಮೂರು ಶತಮಾನಗಳನ್ನು ದಾಟಿ ನೇರವಾಗಿ 1957ಕ್ಕೆ ಬರುತ್ತೇನೆ. ಆ ವರ್ಷ ಜರ್ಮನ್ ಪ್ರಾಣಿಶಾಸ್ತ್ರಜ್ಞ ಗೆರೋಲ್ಫ್ ಸ್ಟೈನರ್, ಹರಾಲ್ಡ್ ಸ್ಟುಂಪ್ಕೆ ಎಂಬ ಹೆಸರಿನಲ್ಲಿ, ಮೂಗಿನ ಮೇಲೆ ನಡೆಯುವ ಸಸ್ತನಿಗಳ ಕುರಿತು ಗಂಭೀರ ಮುಖದ ಪುಸ್ತಕವೊಂದನ್ನು ಪ್ರಕಟಿಸಿದ. ಮೂಗಿನಲ್ಲಿ ನಡೆಯುವ ‘ನಾಸೊಬೇಮ್’ ಮೊದಲು ಕ್ರಿಸ್ಟಿಯಾನ್ ಮಾರ್ಗನ್‌ಸ್ಟೆರ್ನ್‌ನ ತಮಾಷೆಯ ಪದ್ಯವೊಂದರಲ್ಲಿತ್ತು. ಸ್ಟೈನರ್ ಅದಕ್ಕೆ ಪೆಸಿಫಿಕ್ ದ್ವೀಪಸಮೂಹ, ಅಂಗರಚನೆಯ ಚಿತ್ರಗಳು, 14 ಕುಟುಂಬಗಳ ವರ್ಗೀಕರಣ ಎಲ್ಲವನ್ನೂ ಕೊಟ್ಟ. ಜೊತೆಗೆ ನಾಸೊಬೇಮನ್ನು ಹಿಡಿದು ತಿನ್ನುವ ಇನ್ನೊಂದು ಮೂಗುನಡಿಗೆಯ ಪ್ರಾಣಿಯನ್ನೂ ಸೃಷ್ಟಿಸಿದ. ಕೊನೆಗೆ ಅಣುಬಾಂಬ್ ಪರೀಕ್ಷೆಯಲ್ಲಿ ಆ ದ್ವೀಪಗಳನ್ನೇ ಮುಳುಗಿಸಿಬಿಟ್ಟ, ಹುಡುಕಿಕೊಂಡು ಹೋಗುವಂತಿಲ್ಲ.

ಅದೇ 1957ರಲ್ಲಿ ಅಮೆರಿಕದ ಆರೆಗಾನ್ ಕರಾವಳಿಯಲ್ಲಿ, ಸರಿದಾಡುವ ಮರಳುದಿಬ್ಬಗಳನ್ನು ಹುಲ್ಲು ನೆಟ್ಟು ತಡೆಯುವ ಕೆಲಸ ನೋಡಿದ ಫ್ರ್ಯಾಂಕ್ ಹರ್ಬರ್ಟ್, 1965ರ ‘ಡ್ಯೂನ್’ ಕಾದಂಬರಿಯಲ್ಲಿ ನೀರು ಸೋಕಿದರೆ ಸಾಯುವ ಮರಳುಹುಳುವನ್ನು ತಂದ.

ಬೇಲೂರಿನ ಸರಪಳಿ ಪೂರ್ತಿಯಾಗಿ ಮರಳಿ ಕಾಣುವುದು 1981ರಲ್ಲಿ, ಸ್ಕಾಟ್ಲೆಂಡಿನ ಡೂಗಲ್ ಡಿಕ್ಸನ್ನನ ‘ಆಫ್ಟರ್ ಮ್ಯಾನ್’ ಪುಸ್ತಕದಲ್ಲಿ. ಮನುಷ್ಯ ಅಳಿದು 5 ಕೋಟಿ ವರ್ಷಗಳಾದ ಭೂಮಿ ಅದು. ಜಿಂಕೆಯ ಜಾಗದಲ್ಲಿ ಉದ್ದ ಕಾಲಿನ ಮೊಲದ ವಂಶ, ತೋಳದ ಜಾಗದಲ್ಲಿ ಇಲಿಯ ವಂಶ. ಜ್ವಾಲಾಮುಖಿಯಿಂದೆದ್ದ ಹೊಸ ದ್ವೀಪಗಳಿಗೆ ಮೊದಲು ಹಾರಿ ಬರಬಲ್ಲ ಸಸ್ತನಿ ಬಾವಲಿ. ಅದರ ಸಂತತಿಯೇ ಅಲ್ಲಿ ನೆಲಕ್ಕಿಳಿದು, ಮನುಷ್ಯನೆತ್ತರಕ್ಕೆ ಬೆಳೆದು, ರಾತ್ರಿ ಬೇಟೆಯಾಡುತ್ತದೆ. ಬಾವಲಿಯ ಬಲವೆಲ್ಲ ಮುಂಗಾಲಿನಲ್ಲಿ ಇರುವುದರಿಂದ ಅದು ರೆಕ್ಕೆಗಳಾಗಿದ್ದ ಮುಂಗಾಲುಗಳ ಮೇಲೇ ನಡೆಯುತ್ತದೆ. ಹಿಂಗಾಲುಗಳು ಹೆಗಲ ಮೇಲಿಂದ ಮುಂದಕ್ಕೆ ಚಾಚಿ ಬೇಟೆಯನ್ನು ಹಿಡಿಯುವ ಕೈಗಳಾಗಿವೆ. ಮಕರಕ್ಕಿಂತ ವಿಕಾರವಾದ ಈ ಮೈಯಲ್ಲಿ ಬೇರೆ ಪ್ರಾಣಿಯಿಂದ ತಂದ ಅಂಗ ಒಂದೂ ಇಲ್ಲ.