ಸರ್ವರ್‌ಲೆಸ್ ಅಪ್ಲಿಕೇಶನ್‌ಗಳ ಅವಲೋಕನೀಯತೆ

ಸರ್ವರ್‌ಲೆಸ್ ಅಪ್ಲಿಕೇಶನ್‌ಗಳ ಅವಲೋಕನೀಯತೆ ಅಥವಾ ಅಬ್ಸರ್ವಬಿಲಿಟಿ ಎಂದರೆ, ಸರ್ವರ್‌ಗಳ ನಿರ್ವಹಣೆಯನ್ನು ಕ್ಲೌಡ್ ಸಂಸ್ಥೆಗೆ ಒಪ್ಪಿಸಿ ನಡೆಸುವ ತಂತ್ರಾಂಶದ ಒಳಸ್ಥಿತಿಯನ್ನು ಅದು ಹೊರಗೆ ನೀಡುವ ಮಾಹಿತಿಯಿಂದಲೇ ಅರಿಯುವ ಸಾಮರ್ಥ್ಯ. ಈ ಪರಿಕಲ್ಪನೆಯನ್ನು 1960ರಲ್ಲಿ ರುಡಾಲ್ಫ್ ಕಾಲ್ಮನ್ ನಿಯಂತ್ರಣ ಸಿದ್ಧಾಂತದಲ್ಲಿ ಮಂಡಿಸಿದರು. ಮೇಲ್ವಿಚಾರಣೆಯು ಮೊದಲೇ ಊಹಿಸಿದ ದೋಷಗಳನ್ನು ಗಮನಿಸಿ ಎಚ್ಚರಿಸುತ್ತದೆ. ಯಾರೂ ಊಹಿಸದ ದೋಷದ ಕಾರಣವನ್ನು ಹುಡುಕಲು ಅವಲೋಕನೀಯತೆ ಬೇಕಾಗುತ್ತದೆ.

ಹಿನ್ನೆಲೆ

ಅಮೆಜಾನ್ 2014ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಡಬ್ಲ್ಯುಎಸ್ ಲ್ಯಾಂಬ್ಡಾ ಈ ಮಾದರಿಯನ್ನು ಜನಪ್ರಿಯಗೊಳಿಸಿತು. ಇದರಲ್ಲಿ ಫಂಕ್ಷನ್ ಕರೆ ಬಂದಾಗ ಮಾತ್ರ ಚಾಲನೆಗೊಳ್ಳುತ್ತದೆ. ಒಂದು ಚಾಲನೆಯ ಗರಿಷ್ಠ ಅವಧಿ 15 ನಿಮಿಷ. ಸಾಮಾನ್ಯ ಸರ್ವರ್ ಕೆಟ್ಟರೆ ಅದರೊಳಗೆ ಲಾಗಿನ್ ಆಗಿ ಪರಿಶೀಲಿಸಬಹುದು. ಲ್ಯಾಂಬ್ಡಾದಲ್ಲಿ ಆ ಅವಕಾಶವಿಲ್ಲ. ಫಂಕ್ಷನ್ ಉತ್ತರ ನೀಡಿದೊಡನೆ ಅದರ ಚಾಲನಾ ಪರಿಸರವನ್ನು ಸ್ತಬ್ಧಗೊಳಿಸಲಾಗುತ್ತದೆ, ಮುಂದೆ ಯಾವಾಗಲಾದರೂ ಅಳಿಸಲೂಬಹುದು. ಹಿನ್ನೆಲೆಯಲ್ಲಿ ಮಾಹಿತಿ ರವಾನಿಸುತ್ತಿದ್ದ ಕೆಲಸವೂ ಆಗ ಅರ್ಧಕ್ಕೇ ನಿಲ್ಲುವುದರಿಂದ, ದೋಷದ ಸಾಕ್ಷ್ಯವೇ ಕಳೆದುಹೋಗುವ ಸಂಭವವಿದೆ. 2020ರಲ್ಲಿ ಪರಿಚಯಿಸಲಾದ ಲ್ಯಾಂಬ್ಡಾ ಎಕ್ಸ್‌ಟೆನ್ಶನ್‌ಗಳು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದವು.

ಮಾಹಿತಿಯ ಬಗೆಗಳು

ಲಾಗ್, ಮೆಟ್ರಿಕ್ ಮತ್ತು ಟ್ರೇಸ್ ಎಂಬ ಮೂರು ಬಗೆಯ ಮಾಹಿತಿಯನ್ನು ಸಂಗ್ರಹಿಸುವುದು ರೂಢಿ. ಲಾಗ್ ಒಂದನ್ನೇ ನಂಬುವುದು ಅಪಾಯಕರ. ಏಕಕಾಲಿಕ ಚಾಲನೆಗಳ ಮಿತಿ ಮೀರಿದಾಗ ಲ್ಯಾಂಬ್ಡಾ ಹೊಸ ಕರೆಗಳನ್ನು ತಡೆಯುತ್ತದೆ. ತಡೆಯಲ್ಪಟ್ಟ ಕರೆಯಲ್ಲಿ ಫಂಕ್ಷನ್ ಚಾಲನೆಗೊಳ್ಳುವುದೇ ಇಲ್ಲವಾದ್ದರಿಂದ ಅದರ ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ. ದೋಷಗಳ ಎಣಿಕೆಗೂ ಅದು ಸೇರುವುದಿಲ್ಲ. ಥ್ರಾಟಲ್ಸ್ ಎಂಬ ಪ್ರತ್ಯೇಕ ಮೆಟ್ರಿಕ್‌ನಲ್ಲಿ ಮಾತ್ರ ಅದು ಕಾಣುತ್ತದೆ. ಸರಾಸರಿ ಅವಧಿಯೂ ದಾರಿ ತಪ್ಪಿಸುತ್ತದೆ. ಹೊಸ ಪರಿಸರವನ್ನು ಸಿದ್ಧಪಡಿಸುವಾಗಿನ ವಿಳಂಬ, ಅಂದರೆ ಕೋಲ್ಡ್ ಸ್ಟಾರ್ಟ್, ಕೆಲವೇ ಬಳಕೆದಾರರನ್ನು ಬಾಧಿಸಿ ಸರಾಸರಿಯಲ್ಲಿ ಅಡಗಿಹೋಗುತ್ತದೆ. ಆದುದರಿಂದ 99ನೇ ಶತಮಾನಾಂಕದಂತಹ ಅಳತೆಗಳನ್ನು ಬಳಸಲಾಗುತ್ತದೆ.

ಒಂದು ಕೋರಿಕೆ ಹಲವು ಫಂಕ್ಷನ್‌ಗಳ ಮೂಲಕ ಸಾಗಿದ ದಾರಿಯನ್ನು ಟ್ರೇಸ್ ತೋರಿಸುತ್ತದೆ. ಗೂಗಲ್ 2010ರಲ್ಲಿ ಪ್ರಕಟಿಸಿದ ಡ್ಯಾಪರ್ ಪ್ರಬಂಧ ಈ ವಿಧಾನಕ್ಕೆ ವ್ಯಾಪಕ ಪ್ರಚಾರ ನೀಡಿತು. ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಯೋಜನೆಗಳು 2019ರಲ್ಲಿ ವಿಲೀನಗೊಂಡು ರೂಪುಗೊಂಡ ಓಪನ್‌ಟೆಲಿಮೆಟ್ರಿ, ಇಂದು ಯಾವುದೇ ಒಂದು ಕ್ಲೌಡ್ ಸಂಸ್ಥೆಗೆ ಸೀಮಿತವಲ್ಲದ ಮಾನದಂಡವಾಗಿದೆ. ಕೋರಿಕೆಯ ಗುರುತುಸಂಖ್ಯೆಯನ್ನು ಪ್ರತಿ ಹಂತವೂ ಮುಂದಿನದಕ್ಕೆ ದಾಟಿಸಬೇಕು. ಸಂದೇಶಗಳ ಸರತಿಯೊಂದು ನಡುವೆ ಬಂದಾಗ ಈ ಸರಪಳಿ ತುಂಡಾಗುವುದು ಸಾಮಾನ್ಯ.

ವೆಚ್ಚ

ಎಲ್ಲ ಕೋರಿಕೆಗಳನ್ನೂ ದಾಖಲಿಸುವುದು ದುಬಾರಿ. ಲ್ಯಾಂಬ್ಡಾದೊಂದಿಗೆ ಬಳಸುವ ಎಕ್ಸ್-ರೇ ಸೇವೆ ಸಾಮಾನ್ಯವಾಗಿ ಪ್ರತಿ ಸೆಕೆಂಡಿನ ಮೊದಲ ಕೋರಿಕೆಯನ್ನೂ ಉಳಿದವುಗಳಲ್ಲಿ ಶೇ. 5ರಷ್ಟನ್ನೂ ಮಾತ್ರ ದಾಖಲಿಸುತ್ತದೆ. ಅಪರೂಪದ ದೋಷವೊಂದು ಇದರಿಂದ ತಪ್ಪಿಸಿಕೊಳ್ಳಬಹುದು. ಕ್ಲೌಡ್‌ವಾಚ್ ಲಾಗ್ಸ್ ಸೇವೆಯಲ್ಲಿ ಅವಧಿ ನಿಗದಿಪಡಿಸದಿದ್ದರೆ ಲಾಗ್‌ಗಳು ಎಂದಿಗೂ ಅಳಿಯುವುದಿಲ್ಲ, ಅವುಗಳ ಸಂಗ್ರಹ ಶುಲ್ಕವೂ ಮುಂದುವರಿಯುತ್ತದೆ.