ಗೋಧಿ ಹಬ್ಬಕ್ಕಷ್ಟೇ ಬರುತ್ತಿದ್ದ ಸೀಮೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಗೋಧಿ ಹಿಂದೆ ದಿನದ ಊಟವಾಗಿರಲಿಲ್ಲ. ಒಬ್ಬಟ್ಟಿನ ಕಣಕಕ್ಕೋ ಪಾಯಸದ ಶಾವಿಗೆಗೋ ಬೇಕೆಂದಾಗ ಸಂತೆಯಿಂದ ಸೇರು, ಅರ್ಧ ಸೇರು ಬರುತ್ತಿತ್ತು. ಮಿಕ್ಕ ದಿನವೆಲ್ಲ ರಾಗಿಮುದ್ದೆ, ಸಜ್ಜೆ ರೊಟ್ಟಿ, ನವಣೆ, ಸಾಮೆ, ಹಾರಕ, ಕೊರಲೆಯ ಅನ್ನ. ಇವ್ಯಾವುದರಲ್ಲೂ ಗ್ಲೂಟೆನ್ ಇಲ್ಲ. ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿರುವ ಪ್ರೋಟೀನು ಅದು. ಒಬ್ಬಟ್ಟಿನ ಕಣಕ ಹರಿಯದೆ ಎಳೆದಷ್ಟೂ ಹಿಗ್ಗುವುದು ಅದರಿಂದಲೇ.

ಪಾವಗಡ, ಸಿರಾದಲ್ಲಿ ವರ್ಷದ ಮಳೆ 500–600 ಮಿ.ಮೀ. ಆಸುಪಾಸು. ಅಷ್ಟರಲ್ಲಿ ಕೆಂಪು ಹೊಲದಲ್ಲಿ ಕೈಗೆ ಹತ್ತುತ್ತಿದ್ದದ್ದು ಈ ಕಾಳುಗಳೇ. ಹಗೇವಿಗೆ ತುಂಬಿ ಬಾಯಿ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ, ಬರಗಾಲ ದಾಟಿಸುತ್ತಿತ್ತು. ಕೊರಲೆಯಂತೂ ಹುಣಸೆ, ಹೊಂಗೆ ಮರದ ನೆರಳಲ್ಲೂ ಬರುತ್ತದೆ. ದೇಶದಲ್ಲಿ ಈ ಕಾಳು ಉಳಿದುಕೊಂಡ ಕೆಲವೇ ಜಾಗಗಳಲ್ಲಿ ಆಂಧ್ರದ ಗಡಿಗೆ ಹೊಂದಿದ ಈ ಒಣಸೀಮೆಯೂ ಒಂದು.

ಆಮೇಲೆ ಹಡಗಿನ ಗೋಧಿ ಬಂತು. ಅಮೆರಿಕದ 1954ರ ಪಿಎಲ್‌ 480 ಆಹಾರ ನೆರವಿನ ಕಾನೂನಿನ ಅಡಿ ಭಾರತ 1956ರಲ್ಲಿ ಒಪ್ಪಂದ ಮಾಡಿಕೊಂಡಿತು. 1965–66ರ ಬರದಲ್ಲಿ ದೇಶ ಅದನ್ನೇ ನೆಚ್ಚಿಕೊಂಡಿತು. ಗೋಧಿ ರೇಷನ್ ಅಂಗಡಿಗೆ ಇಳಿಯಿತು, ಶಾಲೆಯ ಮಕ್ಕಳ ತಟ್ಟೆಗೆ ಉಪ್ಪಿಟ್ಟಾಗಿ ಬಂತು. ಹಸಿದ ಹೊಟ್ಟೆ ತುಂಬಿಸಿದ ಆ ಗೋಧಿಯನ್ನು ಇಂದು ಹಳಿಯುವುದು ಸರಿಯಲ್ಲ. ಹೊಲದಲ್ಲಿ ನವಣೆ, ಸಾಮೆಯ ಜಾಗವನ್ನು ನೆಲಗಡಲೆ ಹಿಡಿಯಿತು; ಸಾಲ ತೀರಿಸಲು ರೈತನಿಗೆ ರೊಕ್ಕದ ಬೆಳೆ ಬೇಕಿತ್ತು.

ಈ ಕಾಳುಗಳು ಹಿಂದೆ ಸರಿದದ್ದಕ್ಕೆ ಇನ್ನೊಂದು ಕಾರಣವನ್ನು ಸಿರಿಧಾನ್ಯದ ಗುಣಗಾನ ಮಾಡುವವರು ಹೇಳುವುದು ಕಡಿಮೆ. ರಾಗಿಯನ್ನು ಬೀಸಿದರೆ ಸಾಕು. ಸಾಮೆ, ಹಾರಕ, ಕೊರಲೆಗೆ ಹೊಟ್ಟು ಬಿಡಿಸಬೇಕು; ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಮತ್ತೆ ಕುಟ್ಟಬೇಕು. ಒಂದು ಹೊತ್ತಿನ ಅನ್ನಕ್ಕೆ ಹೆಂಗಸರ ರಟ್ಟೆ ಬಿದ್ದುಹೋಗುತ್ತಿತ್ತು. ರೇಷನ್ ಅಕ್ಕಿ ಸಿಕ್ಕಾಗ ಅವರು ಒನಕೆಯನ್ನು ಮೂಲೆಗಿಟ್ಟಿದ್ದರಲ್ಲಿ ತಪ್ಪೇನಿದೆ? ರಾಗಿ ಮಾತ್ರ ಜಾಗ ಬಿಡಲಿಲ್ಲ. ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳ ಇಳುವರಿ ಅದರ ಕೈಹಿಡಿಯಿತು.

ಗೋಧಿಗೆ ಇನ್ನೊಂದು ಮುಖವೂ ಇದೆ. ಅದರಿಂದ ಕೆಲವರಿಗೆ ನಿಜವಾಗಿಯೂ ಕೇಡಾಗುತ್ತದೆಂದು ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944–45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ ಸಿಗದಿದ್ದಾಗ ಸೀಲಿಯಾಕ್ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮರಳಿದಾಗ ಮತ್ತೆ ಸೊರಗಿದರು. 1950ರ ತಮ್ಮ ಪ್ರಬಂಧದಲ್ಲಿ ಅವರು ಗೋಧಿಗೂ ಕಾಯಿಲೆಗೂ ಇರುವ ನಂಟನ್ನು ವಿವರಿಸಿದರು. ಈ ಕಾಯಿಲೆಯಲ್ಲಿ ಗ್ಲೂಟೆನ್ ಒಳಗೆ ಹೋದರೆ ದೇಹ ತನ್ನ ಸಣ್ಣಕರುಳಿನ ಒಳಪದರವನ್ನೇ ಹಾಳುಮಾಡಿಕೊಳ್ಳುತ್ತದೆ. ಭೇದಿ, ರಕ್ತಹೀನತೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಅದರ ಲಕ್ಷಣಗಳು.

ಹಾಗಾದರೆ ನಮ್ಮ ಕಡೆ ಇದು ಯಾಕೆ ಅಷ್ಟಾಗಿ ಕಾಣಲಿಲ್ಲ? 2016ರಲ್ಲಿ ಪ್ರಕಟವಾದ, 23,331 ವಯಸ್ಕರ ಮೇಲಿನ ಅಧ್ಯಯನದಲ್ಲಿ ಉತ್ತರವಿದೆ. ಕಾಯಿಲೆ ಉತ್ತರ ಭಾರತದಲ್ಲಿ ಸಾವಿರಕ್ಕೆ 8.53 ಮಂದಿಗೆ, ದಕ್ಷಿಣದಲ್ಲಿ 0.11 ಮಂದಿಗೆ. ಆದರೆ ಅದಕ್ಕೆ ದಾರಿ ಮಾಡುವ ವಂಶವಾಹಿ ಉತ್ತರದಲ್ಲಿ ಶೇ 38.1 ಜನರಲ್ಲಿದ್ದರೆ ದಕ್ಷಿಣದಲ್ಲೂ ಶೇ 36.4 ಜನರಲ್ಲಿತ್ತು. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಮುದ್ದೆ ಉಂಡವರ ರಕ್ತದಲ್ಲಿ ವಿಶೇಷವೇನೂ ಇರಲಿಲ್ಲ, ಅವರ ಊಟದಲ್ಲಿ ಗೋಧಿ ಇರಲಿಲ್ಲ ಅಷ್ಟೆ. ಸಕ್ಕರೆ ಕಾಯಿಲೆಯ ಹೆಸರಲ್ಲಿ ರಾತ್ರಿಯ ಮುದ್ದೆ ಬಿಟ್ಟು ಚಪಾತಿ ಹಿಡಿದ ಮನೆಗಳ ವೈದ್ಯರು ಇದನ್ನು ನೆನಪಿಡಬೇಕು.

ಈಗ ಗಾಳಿ ತಿರುಗಿದೆ. ಮೈಸೂರಿನ ಖಾದರ್ ವಲಿ ಅವರ ಭಾಷಣಗಳು ಕೊರಲೆಯನ್ನು ಪೇಟೆಯ ಮನೆಗಳಿಗೆ ಪರಿಚಯಿಸಿದವು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ರೈತನಿಗೆ ಇದು ಒಳ್ಳೆಯದೇ. ಆದರೆ ಎಂದೂ ಗ್ಲೂಟೆನ್ ಇಲ್ಲದ ರಾಗಿಗೆ ‘ಗ್ಲೂಟೆನ್ ಮುಕ್ತ’ ಎಂದು ಚೀಟಿ ಅಂಟಿಸಿ ಹೆಚ್ಚು ದುಡ್ಡು ಕೇಳುವುದು ನ್ಯಾಯವಲ್ಲ. ಆರೋಗ್ಯವಂತರು ಮೈ ಇಳಿಸಲೆಂದು ಕೊಳ್ಳುವ ಗ್ಲೂಟೆನ್ ಮುಕ್ತ ಬಿಸ್ಕತ್ತಿನಲ್ಲೂ ಪಿಷ್ಟ, ಸಕ್ಕರೆ ಇದ್ದೇ ಇರುತ್ತವೆ.

ಸೀಲಿಯಾಕ್ ಕಾಯಿಲೆ ಇರುವವರ ಪಾಡೇ ಬೇರೆ. ಅನುಮಾನ ಬಂದ ಕೂಡಲೇ ತಾವಾಗಿ ಗೋಧಿ ಬಿಟ್ಟರೆ ರಕ್ತಪರೀಕ್ಷೆಯಲ್ಲೂ ಕರುಳಿನ ತುಣುಕು ತೆಗೆದು ನೋಡುವ ಪರೀಕ್ಷೆಯಲ್ಲೂ ಕಾಯಿಲೆ ತಪ್ಪಿಸಿಕೊಳ್ಳಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಆ ಪಥ್ಯ ಜೀವನಪರ್ಯಂತ. ಒಂದು ಕೆ.ಜಿ. ಆಹಾರದಲ್ಲಿ 20 ಮಿಲಿಗ್ರಾಂ ಗ್ಲೂಟೆನ್, ‘ಗ್ಲೂಟೆನ್ ಮುಕ್ತ’ ಎನ್ನಲು ಅದು ಕಾನೂನಿನ ಮಿತಿ. ಊರಿನ ಗಿರಣಿಯಲ್ಲಿ ಹಿಂದಿನವರು ಗೋಧಿ ಬೀಸಿಸಿಕೊಂಡು ಹೋದ ಮೇಲೆ ಅದೇ ಕಲ್ಲಿಗೆ ರಾಗಿ ಸುರಿದರೆ ಹಿಟ್ಟು ಆ ಮಿತಿ ದಾಟಬಹುದು. ನಾಟಿ ಎಂದು ಹೊಗಳಿಸಿಕೊಳ್ಳುವ ಖಪ್ಲಿ ಗೋಧಿಯಲ್ಲೂ ಗ್ಲೂಟೆನ್ ಇದೆ. ಅಂಗಡಿಯ ಇಂಗಿನ ಡಬ್ಬಿಯಲ್ಲೂ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಕಾಯಿಲೆಯ ಮಗು ಇರುವ ಮನೆಯಲ್ಲಿ ಸಾರಿನ ಒಗ್ಗರಣೆಗೆ ಮುಂಚೆ ಆ ಡಬ್ಬಿಯ ಹಿಂಬದಿ ಓದಬೇಕಾಗುತ್ತದೆ.