ಒಂದು ಯಂತ್ರ, ಹಲವು ಸಂಸಾರ

1964ರ ಏಪ್ರಿಲ್ 7ರಂದು ಅಮೆರಿಕದ ಐ.ಬಿ.ಎಂ. ಕಂಪನಿ ‘ಸಿಸ್ಟಂ/360’ ಎಂಬ ಗಣಕಯಂತ್ರಗಳ ಬಳಗವನ್ನು ಪ್ರಕಟಿಸಿತು. ಚಿಕ್ಕ ಯಂತ್ರಕ್ಕೂ ದೊಡ್ಡ ಯಂತ್ರಕ್ಕೂ ಒಂದೇ ಆಪರೇಟಿಂಗ್ ಸಿಸ್ಟಂ ಸಾಕೆಂಬುದು ಕಂಪನಿಯ ಆಸೆ. ಆಪರೇಟಿಂಗ್ ಸಿಸ್ಟಂ ಎಂದರೆ ಯಂತ್ರದೊಳಗಿನ ಎಲ್ಲ ಕೆಲಸಗಳ ಉಸ್ತುವಾರಿ ನೋಡುವ ಮೂಲ ಕಾರ್ಯಕ್ರಮ. ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ಇದ್ದಂತೆ. ಆದರೆ ಓ.ಎಸ್./360 ಸಿದ್ಧವಾಗುವುದು ತಡವಾಯಿತು, ಚಿಕ್ಕ ಯಂತ್ರಗಳಿಗೆ ಭಾರವೂ ಆಯಿತು. ಹೀಗಾಗಿ ಡಾಸ್/360 ಎಂಬ ಕಿರಿಯ ವ್ಯವಸ್ಥೆಯೂ ಬಂತು. (ಮುಂದೆ ಪಿ.ಸಿ.ಗಳಲ್ಲಿ ಬಂದ ಡಾಸ್ ಬೇರೆ.) ಎರಡಕ್ಕೂ ಮೇಲಿಂದ ಮೇಲೆ ಹೊಸ ಆವೃತ್ತಿಗಳು.

ಇದರ ಕಷ್ಟ ನಮ್ಮಂಥ ಗುಮಾಸ್ತರಿಗೆ ಬೇಗ ತಿಳಿಯುತ್ತದೆ. ಯಂತ್ರದ ಬಾಡಿಗೆಯೇ ತಿಂಗಳಿಗೆ ಸಾವಿರಾರು ಡಾಲರ್. ಎರಡನೆಯದನ್ನು ತರುವ ಮಾತಿಲ್ಲ. ಹೊಸ ಆವೃತ್ತಿಯನ್ನು ಪರೀಕ್ಷಿಸಬೇಕಾದರೆ ಹಗಲಿನ ಕೆಲಸ ನಿಲ್ಲಬೇಕು, ಇಲ್ಲವೇ ತಂತ್ರಜ್ಞರು ರಾತ್ರಿಯೋ ಭಾನುವಾರವೋ ಬರಬೇಕು. ತಿಂಗಳ ಕೊನೆಗೆ ಸಂಬಳದ ಪಟ್ಟಿ ಹೊರಡದಿದ್ದರೆ ಹೊಸ ಆವೃತ್ತಿಯ ಗುಣಗಾನ ಯಾರಿಗೆ ಬೇಕು?

ದಾರಿ ತೋರಿದ್ದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐ.ಬಿ.ಎಂ.ನ ಸಂಶೋಧನಾ ಕೇಂದ್ರ. ರಾಬರ್ಟ್ ಕ್ರೀಸಿಯವರ ಮುಂದಾಳುತನದ ಸಣ್ಣ ತಂಡವೊಂದು, ಮಾರ್ಪಡಿಸಿದ 360/40 ಯಂತ್ರದ ಮೇಲೆ, ಸಿ.ಪಿ.-40 ಎಂಬುದನ್ನು ರಚಿಸಿತು. 1967ರ ಜನವರಿಯಲ್ಲಿ ಅದು ಬಳಕೆಗೆ ಬಂತು. ಒಂದೇ ಯಂತ್ರ 14 ಯಂತ್ರಗಳಂತೆ ನಟಿಸತೊಡಗಿತು! ಪ್ರತಿಯೊಂದಕ್ಕೂ ತನಗೆ ಪೂರ್ತಿ 256 ಕಿಲೋಬೈಟ್ ಸ್ಮೃತಿಯಿದೆ ಎಂಬ ಭ್ರಮೆ.

ನಮ್ಮ ವಠಾರಗಳನ್ನು ನೆನೆಯಿರಿ. ಬಾವಿ ಒಂದೇ, ಸಂಸಾರ ಹಲವು. ಇಲ್ಲಿ ಮಾತ್ರ ಪ್ರತಿ ಬಾಡಿಗೆದಾರನೂ ಬಾವಿ ತನ್ನೊಬ್ಬನದೇ ಎಂದು ನಂಬಿರುತ್ತಾನೆ. ಒಳಗಿನ ಆಪರೇಟಿಂಗ್ ಸಿಸ್ಟಂ ಡಿಸ್ಕನ್ನೋ ಪ್ರಿಂಟರನ್ನೋ ಮುಟ್ಟಹೋದರೆ ಯಂತ್ರವೇ ಅದನ್ನು ತಡೆದು ಸಿ.ಪಿ.ಗೆ ಒಪ್ಪಿಸುತ್ತದೆ, ಸಿ.ಪಿ. ಆ ಕೆಲಸವನ್ನು ತಾನೇ ಮಾಡಿ, ಏನೂ ನಡೆಯದಂತೆ ಉತ್ತರ ಕೊಡುತ್ತದೆ. ಕೇಳಿದವನಿಗೆ ಸುಳಿವೇ ಇಲ್ಲ.

ನಮಗೆ ಅತ್ಯಂತ ಸೊಗಸೆನಿಸಿದ್ದು ಇದರ ಮುಂದಿನ ಸಂಗತಿ. ಸಿ.ಪಿ.-40ರ ಬಳಿಕ ಬಂದ ಸಿ.ಪಿ.-67ನ್ನು ತಿದ್ದಿ, ಇನ್ನೂ ಕೈಗೆ ಬಾರದಿದ್ದ ಹೊಸ ಸಿಸ್ಟಂ/370 ಯಂತ್ರವನ್ನೇ ಹಳೆಯ ಯಂತ್ರದೊಳಗೆ ಅನುಕರಿಸಿದರು. ಯಂತ್ರ ಬರುವ ಮೊದಲೇ ಅದರ ಕಾರ್ಯಕ್ರಮಗಳ ಪರೀಕ್ಷೆ ನಡೆಯಿತು.

1972ರ ಆಗಸ್ಟ್ 2ರಂದು ಇದೇ ವಂಶದ ವಿ.ಎಂ./370 ಪ್ರಕಟವಾಯಿತು. ಇದರಿಂದ ಹಳೆಯ ಡಾಸ್ ಒಂದು ಕಡೆ ಲೆಕ್ಕಪತ್ರ ನೋಡುತ್ತಿರುವಾಗಲೇ, ಅದೇ ಯಂತ್ರದಲ್ಲಿ, ಹಾಡುಹಗಲೇ ಹೊಸ ವ್ಯವಸ್ಥೆಯನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಹೊಸದು ಮುಗ್ಗರಿಸಿ ಬಿದ್ದರೂ ಹಳೆಯದಕ್ಕೆ ಪೆಟ್ಟಿಲ್ಲ. ಬಿಟ್ಟಿಯೇನಲ್ಲ; ಮಧ್ಯವರ್ತಿಯ ಪಾಲಿನಷ್ಟು ಯಂತ್ರದ ವೇಗ ಇಳಿಯುತ್ತಿತ್ತು. ಆದರೂ ತಂತ್ರಜ್ಞರಿಗೆ ಭಾನುವಾರ ಮರಳಿ ದಕ್ಕಿತಲ್ಲ! ಈ ವಂಶದ ಜೆಡ್/ವಿ.ಎಂ. ಇಂದಿಗೂ ಐ.ಬಿ.ಎಂ.ನ ದೊಡ್ಡ ಯಂತ್ರಗಳಲ್ಲಿ ದುಡಿಯುತ್ತಿದೆ. ಅದರ ಬಾಡಿಗೆದಾರರಲ್ಲಿ ಈಗ ಲೈನಕ್ಸ್ ಕೂಡ ಸೇರಿದೆ.